ಪೆಟ್ಟಿಗೆಯ ವಿಲ್ಲಿಸ್ ಜೀಪಿಗೆ ಮಲೆನಾಡಿನ ಕೆಸರು

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳಗೆ ನಾಲ್ಕು ಕಿಲೋಮೀಟರ್ ಮಣ್ಣುದಾರಿ ಇಳಿದರೆ ನನ್ನ ಸೋದರಮಾವನ ಮನೆ. ಕೊಟ್ಟಿಗೆಗೆ ಒತ್ತಿಕೊಂಡ ಮಾಡಿನಡಿ ಒಂದು ಹಳೆಯ ಜೀಪು ನಿಂತಿದೆ. ಅದರ ಎಡ ಮಡ್‌ಗಾರ್ಡಿನ ಅಂಚಿಗೆ ಮುಖ ತಾಗುವಷ್ಟು ಹತ್ತಿರ ಹೋದರೆ ನಾಲ್ಕು ಬಣ್ಣ ಕಾಣುತ್ತವೆ. ಮೇಲೆ ಮಾಸಿದ ಹಸಿರು, ಅದರಡಿ ಕೂದಲೆಳೆಯಷ್ಟು ನೀಲಿ, ಅದರಡಿ ಕಾವಿಬಣ್ಣದ ಪ್ರೈಮರ್, ನಡುವೆ ಕೈ ಸವರಿ ಸವರಿ ಹೊಳಪು ಬಂದ ಬರಿ ತಗಡು. ಹತ್ತುವವರೆಲ್ಲ ಹಿಡಿಯುವ ಜಾಗ ಅದು. ಕೈ ಹತ್ತದ ಕೆಳಮೂಲೆಯಲ್ಲಿ ಹಸಿರು ಈಗಲೂ ಹೊಸದರಂತೆ ಇದೆ.

ಪೆಟ್ಟಿಗೆಯಲ್ಲಿ ಬಿಡಿ ತುಂಡುಗಳಾಗಿ ಬರುವ ಪುಟ್ಟ ಬಂಡಿಯ ಪ್ಲಾಸ್ಟಿಕ್ ಕಿಟ್ ಜೋಡಿಸಿ ಅದನ್ನು ನಮ್ಮದಾಗಿ ಮಾಡಿಕೊಳ್ಳುವುದು ಹೇಗೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಅಂಚಿನ ಕಥೆಯನ್ನೇ. ಸವೆತ, ತುಕ್ಕು, ಕೆಸರು ಯಾವುದೂ ಸುಮ್ಮನೆ ಬರುವುದಿಲ್ಲ. ಪ್ರತಿಯೊಂದಕ್ಕೂ ಒಂದು ಕಾರಣ, ಒಂದು ಜಾಗ ಇರುತ್ತದೆ. ಅದನ್ನು ತಿಳಿದು ಮಾಡಿದ ಮಾದರಿ ಅಂಗೈಯಗಲ ಇದ್ದರೂ ನಿಜವಾದ ಬಂಡಿಯಂತೆ ಕಾಣುತ್ತದೆ. ತಿಳಿಯದೆ ಬಣ್ಣ ಎರಚಿದರೆ ಎಷ್ಟೇ ಕಷ್ಟಪಟ್ಟರೂ ಆಟದ ಸಾಮಾನಾಗಿಯೇ ಉಳಿಯುತ್ತದೆ.

ಯಾವ ಜೀಪು, ಯಾವ ತಿಂಗಳು

ಪೆಟ್ಟಿಗೆ ಒಡೆಯುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಈ ಜೀಪು ಯಾರದು, ಏನು ಹೊರುತ್ತದೆ, ಯಾವ ತಿಂಗಳಲ್ಲಿ ನಾವು ಅದನ್ನು ನೋಡುತ್ತಿದ್ದೇವೆ. ಕೊಡಚಾದ್ರಿಗೆ ಜನ ಹೊತ್ತು ಹತ್ತುವ ಜೀಪಿಗೂ, ಅಡಿಕೆ ತೋಟದಿಂದ ಮಂಡಿಗೆ ಹೋಗುವ ಜೀಪಿಗೂ, ವರ್ಷದಲ್ಲಿ ಆಯುಧಪೂಜೆಗೆ ಮಾತ್ರ ಹೊರಬರುವ ಜೀಪಿಗೂ ಗುರುತು ಬೇರೆ ಬೇರೆ. ನಾನು ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು. ಕಾಲ, ಮಳೆ ಆಗಷ್ಟೇ ಹಿಂದೆ ಸರಿಯುತ್ತಿರುವ ಅಕ್ಟೋಬರ್.

ಕಾರು ಬಿಟ್ಟು ಜೀಪೇ ಏಕೆ ಎಂದರೆ, ನಮ್ಮ ಕಡೆ ತುಂಬ ಮನೆಗಳಿಗೆ ಬಂದ ಮೊದಲ ನಾಲ್ಕು ಚಕ್ರದ ಬಂಡಿ ಅದೇ. ವಿಲ್ಲಿಸ್ ಎಂಬಿ 1941ರಿಂದ 1945ರವರೆಗೆ ಯುದ್ಧಕ್ಕಾಗಿ ತಯಾರಾದ ಜೀಪು. ಫೋರ್ಡ್ ಕಂಪನಿ ಅದೇ ನಕ್ಷೆಯಲ್ಲಿ ಮಾಡಿದ್ದಕ್ಕೆ ಜಿಪಿಡಬ್ಲ್ಯೂ ಎಂದು ಹೆಸರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಡಿಸ್ಪೋಸಲ್ ಜೀಪುಗಳು ಊರೂರಿಗೆ ಬಂದವು. 1947ರಲ್ಲಿ ಮಹೀಂದ್ರಾ ಸಂಸ್ಥೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿತು. ಮುಂದೆ ಎತ್ತರದ ಬಾನೆಟ್ಟಿನ ಸಿಜೆ-3ಬಿ ಎಂಬ ಮಾದರಿ ಬಂದು ದಶಕಗಟ್ಟಲೆ ನಡೆಯಿತು. ಮಾವನ ಮನೆಯದು ತಗ್ಗು ಬಾನೆಟ್ಟಿನ ಹಳೆಯ ಮಾದರಿ. ಹಾಗಾಗಿ ಎಂಬಿ ಕಿಟ್ಟಿನಿಂದ ಅದಕ್ಕೆ ಹೋಗುವುದು ಕಷ್ಟವಲ್ಲ. ಎತ್ತರದ ಬಾನೆಟ್ಟಿನದು ಬೇಕೆಂದರೆ ಬಾನೆಟ್ಟು, ಗ್ರಿಲ್ಲು ಎರಡನ್ನೂ ಎತ್ತರಿಸಿ ಹೊಸದಾಗಿ ಕಟ್ಟಬೇಕು. ಮೊದಲ ಪ್ರಯತ್ನಕ್ಕೆ ಅದು ಬೇಡ.

ಕಿಟ್ಟು, ಸಾಮಾನು

ಕಿಟ್ ಮಾಡುವ ಕಂಪನಿಗಳಲ್ಲಿ ಇಟಾಲೆರಿಯವರದು 1/24 ಅಳತೆಯ (ನಿಜದ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು) ವಿಲ್ಲಿಸ್ ಇದೆ, ತಾಮಿಯಾದ್ದು 1/35. ಬದಲಾವಣೆ ಮಾಡುವ ಉದ್ದೇಶವಿದ್ದರೆ 1/24 ತೆಗೆದುಕೊಳ್ಳಿ. ಕೈಗೆ ಹಿಡಿತ ಸಿಗುತ್ತದೆ, ಲೆಕ್ಕವೂ ಸುಲಭ. ಆನ್‌ಲೈನಿನಲ್ಲಿ ತರಿಸಬೇಕಾಗುತ್ತದೆ. ಉಳಿದದ್ದು ಬಹುಪಾಲು ಪೇಟೆಯಲ್ಲೇ ಸಿಗುತ್ತದೆ: ಚಿಕ್ಕ ಸೈಡ್ ಕಟರ್, ಬ್ಲೇಡು ಬದಲಾಯಿಸುವ ಸಣ್ಣ ಚಾಕು, 400ರಿಂದ 2000ದವರೆಗಿನ ವಾಟರ್ ಪೇಪರ್ (ನೀರಿನಲ್ಲಿ ಅದ್ದಿ ಉಜ್ಜುವ ಕಾಗದ, ಅಂಕಿ ದೊಡ್ಡದಾದಷ್ಟೂ ನುಣುಪು), ಚಿಮಟ, ಎಂ-ಸೀಲ್, ಫೆವಿಕಾಲ್, ಮಿನರಲ್ ಟರ್ಪೆಂಟೈನ್, ಸ್ಟೀಲ್ ಸ್ಕೇಲು. ಪ್ಲಾಸ್ಟಿಕ್ ಸಿಮೆಂಟ್ ಮಾತ್ರ ಮಾದರಿ ಮಾಡುವವರಿಗೆಂದೇ ಬರುವುದನ್ನು ಕೊಳ್ಳಿ. ಅದು ಅಂಟಲ್ಲ. ಎರಡು ತುಂಡುಗಳ ಅಂಚನ್ನು ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟನ್ನು ಲೋಹಕ್ಕೆ, ತಂತಿಗೆ ಇಟ್ಟುಕೊಳ್ಳಿ. ಗಾಜಿನಂತಹ ಭಾಗದ ಹತ್ತಿರಕ್ಕೂ ಅದನ್ನು ತರಬೇಡಿ. ಅದರ ಆವಿ ಬಡಿದು ಪಾರದರ್ಶಕ ಪ್ಲಾಸ್ಟಿಕ್ಕು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಗಾಜು ಕೂರಿಸಲು ಫೆವಿಕಾಲೇ ಸಾಕು, ಒಣಗಿದ ಮೇಲೆ ಕಾಣುವುದಿಲ್ಲ.

ತುಂಡುಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿಗೆ ಸ್ಪ್ರೂ ಎನ್ನುತ್ತಾರೆ. ಅದನ್ನು ಎಸೆಯಬೇಡಿ. ಸಣ್ಣಗೆ ಕತ್ತರಿಸಿ ಸಿಮೆಂಟಿನ ಖಾಲಿ ಬಾಟಲಿಗೆ ಹಾಕಿ, ಮುಳುಗುವಷ್ಟು ಸಿಮೆಂಟ್ ಹೊಯ್ದು ರಾತ್ರಿಯಿಡೀ ಬಿಟ್ಟರೆ ದೋಸೆಹಿಟ್ಟಿನಂತಾಗುತ್ತದೆ. ಸಂದು, ತೂತು ಮುಚ್ಚಲು ಇದಕ್ಕಿಂತ ಒಳ್ಳೆಯ ಪುಟ್ಟಿ ಇಲ್ಲ. ಒಣಗಿದರೆ ಜೀಪಿನದೇ ಪ್ಲಾಸ್ಟಿಕ್ಕು, ಉಜ್ಜಿದರೆ ಒಂದೇ ಸಮ ಬರುತ್ತದೆ. ದಪ್ಪ ಬಳಿದ ಕಡೆ ಎರಡು ಮೂರು ದಿನ ಒಣಗಲು ಬಿಡಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗಿ ಕುಳಿ ಬೀಳುತ್ತದೆ.

ಕೆಲಸ ಶುರುವಾಗುವ ಮುನ್ನ ಎಲ್ಲ ಚೌಕಟ್ಟನ್ನೂ ಉಗುರುಬೆಚ್ಚನೆ ಸೋಪು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಉಳಿದಿದ್ದರೆ ಬಣ್ಣ ಕಚ್ಚುವುದಿಲ್ಲ.

ಅಳತೆ

"ಮಾವ, ಇದನ್ನ ಸ್ವಲ್ಪ ಅಳೀಬೇಕಿತ್ತು" ಎಂದು ಟೇಪು ಹಿಡಿದು ಹೋದಾಗ ಮಾವ, "ಅಳ್ಕೋ ಮಾರಾಯ, ಕೇಳೋದೆಂಥ. ಅಡಿಗೆ ಮಾತ್ರ ನುಗ್ಬೇಡ, ಕಣಜ ಗೂಡು ಕಟ್ಟಿದಾವೆ" ಅಂದರು. ಅರ್ಧ ದಿನ ಕೂತು ಅಳೆದೆ, ಫೋಟೊ ತೆಗೆದೆ. ನಿಮ್ಮ ಸುತ್ತಮುತ್ತ ಹಳೆಯ ಜೀಪು ಇದ್ದರೆ ಈ ಅರ್ಧ ದಿನವನ್ನು ಬಿಡಬೇಡಿ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲು ಇಟ್ಟಿರಲಿ.

ಲೆಕ್ಕ ಇಷ್ಟೇ: ನಿಜದ 24 ಸೆಂಟಿಮೀಟರು ಮಾದರಿಯಲ್ಲಿ 1 ಸೆಂಟಿಮೀಟರು. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ವಿಲ್ಲಿಸ್ ಎಂಬಿಯಲ್ಲಿ 80 ಇಂಚು, ಅಂದರೆ 2032 ಮಿಲಿಮೀಟರ್. ಕಿಟ್ಟಿನಲ್ಲಿ ಅದು 84.7 ಮಿಲಿಮೀಟರ್ ಇರಬೇಕು. ಒಂದು ಇಂಚಿನ ಪೈಪು ಸುಮಾರು 1 ಮಿಲಿಮೀಟರಿನ ತಂತಿ. ಬೆರಳು ದಪ್ಪದ ಹಗ್ಗ ಅರ್ಧ ಮಿಲಿಮೀಟರಿನ ದಾರ. ಈ ಭಾಗಾಕಾರ ತಲೆಯಲ್ಲಿ ಕೂತರೆ ಮುಂದಿನ ಅರ್ಧ ತಪ್ಪುಗಳು ಆಗುವುದೇ ಇಲ್ಲ. ನೋಡುವವರ ಕಣ್ಣಿಗೆ ಮಾದರಿ ಸುಳ್ಳೆನಿಸುವುದು ಹೆಚ್ಚಾಗಿ ದಪ್ಪದಲ್ಲಿ: ದಪ್ಪ ಹಗ್ಗ, ದಪ್ಪ ಗಾಜು, ದಪ್ಪ ಮಣ್ಣು.

ಮಿಲಿಟರಿ ವೇಷ ಕಳಚುವುದು

ಬಾನೆಟ್ಟಿನ ನಕ್ಷತ್ರದ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಪೆಟ್ಟಿಗೆಯಲ್ಲೇ ಇರಲಿ. ಎಡಬದಿಯ ಸಲಿಕೆ, ಕೊಡಲಿ, ಅವುಗಳ ಕ್ಲಿಪ್ಪು, ಹಿಂದಿನ ಜೆರ್ರಿಕ್ಯಾನ್, ಎಡ ಮಡ್‌ಗಾರ್ಡಿನ ಮೇಲಿನ ಬ್ಲ್ಯಾಕ್‌ಔಟ್ ದೀಪ ಇವನ್ನೆಲ್ಲ ಬಿಡಿ. ಅವು ಕೂರುವ ತೂತುಗಳನ್ನು ಸ್ಪ್ರೂ ಪುಟ್ಟಿಯಿಂದ ಮುಚ್ಚಿ, ಒಣಗಿದ ಮೇಲೆ 400ರ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ, 1000ದಲ್ಲಿ ಮುಗಿಸಿ.

ಮುಂದಿನದು ಮುಖ. ಎಂಬಿಯ ಗ್ರಿಲ್ಲಿನಲ್ಲಿ ಒಂಬತ್ತು ಸೀಳು, ದೀಪಗಳು ಒಳಗೆ ಹುದುಗಿರುತ್ತವೆ. ಯುದ್ಧದ ನಂತರ ಜನಬಳಕೆಗೆ ಬಂದ, ನಾವೀಗ ಮಾಡಹೊರಟಿರುವ ತಗ್ಗು ಬಾನೆಟ್ಟಿನ ಸಿಜೆ-2ಎಯಲ್ಲಿ ಏಳೇ ಸೀಳು. ದೀಪ ದೊಡ್ಡದು, ಗ್ರಿಲ್ಲಿನ ಮುಖಕ್ಕೇ ಕೂತಿದೆ. ಎರಡೂ ಹೊರಸೀಳುಗಳನ್ನು ತೆಳು ಸ್ಟೈರೀನ್ ಪ್ಲಾಸ್ಟಿಕ್ ಪಟ್ಟಿಯಿಂದ ಮುಚ್ಚಿ. ಕಿಟ್ಟಿನ ದೀಪದ ಕುಳಿಯನ್ನು ದುಂಡು ಅರದಿಂದ ನಿಧಾನವಾಗಿ ದೊಡ್ಡದು ಮಾಡಿ. ನಿಜದ ದೀಪ 7 ಇಂಚು, ನಮ್ಮ ಅಳತೆಗೆ 7.4 ಮಿಲಿಮೀಟರ್. ಡ್ರಿಲ್ ಹಾಕಬೇಡಿ, ಬಾಯಿ ಒಡೆಯುತ್ತದೆ.

ದೀಪದ ಗಾಜಿಗೆ ನನಗೆ ಸಿಕ್ಕ ಒಳ್ಳೆಯ ಉಪಾಯ ಮಾತ್ರೆಯ ಸ್ಟ್ರಿಪ್ಪು. ಮಾತ್ರೆ ಕೂರುವ ಪಾರದರ್ಶಕ ಗುಮ್ಮಟ ಇದೆಯಲ್ಲ, ಅದು ತೆಳ್ಳಗೆ, ದುಂಡಗೆ ಇರುತ್ತದೆ. ಬೇರೆ ಬೇರೆ ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನು ಕೂಡಿಟ್ಟುಕೊಂಡು ಸ್ಕೇಲಿನಲ್ಲಿ ಅಳೆದು, ಹೊಂದುವುದನ್ನು ಆರಿಸಿ, ತುದಿಯನ್ನಷ್ಟೇ ಬಟ್ಟಲಿನ ಹಾಗೆ ಕತ್ತರಿಸಿ. ಹಿಂದೆ ಚಾಕಲೇಟಿನ ಬೆಳ್ಳಿಹಾಳೆ. ಅಂಚಿಗೆ ಫೆವಿಕಾಲ್.

ಹಿಂಬದಿಯಲ್ಲಿ ಎಂಬಿಗೆ ಬಾಗಿಲಿಲ್ಲ, ಸ್ಟೆಪ್ನಿ ಅಲ್ಲೇ ತೂಗುತ್ತದೆ. ಸಿಜೆಗೆ ಕೆಳಗೆ ಬೀಳುವ ಹಿಂಬಾಗಿಲು ಇದೆ, ಸ್ಟೆಪ್ನಿ ಬದಿಗೆ. ಬಾಗಿಲಿನ ಗೆರೆಯನ್ನು ಸ್ಕೇಲು ಆಸರೆ ಕೊಟ್ಟು ಚಾಕುವಿನ ಬೆನ್ನಿನಿಂದ ಎಂಟು ಹತ್ತು ಸಲ ಹಗುರಾಗಿ ಗೀರಿ. ಒಂದೇ ಸಲ ಒತ್ತಿದರೆ ಚಾಕು ಜಾರುತ್ತದೆ. ಕೈಗಾಯ ಆಗುವುದು ಇಂಥಲ್ಲೇ. ಬಾಗಿಲಿನ ಸರಪಳಿಗೆ ಎರಡು ಎಳೆ ತೆಳು ತಾಮ್ರದ ತಂತಿ ಹೊಸೆದು ಸ್ವಲ್ಪ ಚಪ್ಪಟೆ ಮಾಡಿದರೆ ಸಾಕು.

ಸ್ಟೀರಿಂಗನ್ನು ಬಲಕ್ಕೆ ಬದಲಾಯಿಸಬೇಕೆ ಎಂಬ ಪ್ರಶ್ನೆ ಬರುತ್ತದೆ. ನಾನು ಬದಲಾಯಿಸಲಿಲ್ಲ. ನಮ್ಮಲ್ಲಿ ಎಡಗಡೆ ಸ್ಟೀರಿಂಗಿನ ಜೀಪುಗಳು ಎಷ್ಟೋ ಕಾಲ ಓಡಿವೆ, ಮಾವನದೂ ಹಾಗೆಯೇ. ಹಿಂದೆ ಬಿಳಿ ಅಕ್ಷರದಲ್ಲಿ 'ಲೆಫ್ಟ್ ಹ್ಯಾಂಡ್ ಡ್ರೈವ್' ಎಂದು ಬರೆಸಿರುತ್ತಿದ್ದರು, ಹಿಂದೆ ಬರುವ ಲಾರಿಯವರಿಗೆ ತಿಳಿಯಲೆಂದು. ಈ ಬರಹವೊಂದು ಬಂದರೆ ಜೀಪು ತಟ್ಟನೆ ನಮ್ಮ ರಸ್ತೆಗೆ ಇಳಿಯುತ್ತದೆ.

ಚಾಸಿ, ಆಕ್ಸಲ್, ಸ್ಪ್ರಿಂಗು ಎಲ್ಲ ಕಿಟ್ಟಿನ ಸೂಚನೆಯಂತೆ ಜೋಡಿಸಿ ಹೋಗಿ. ಬಾನೆಟ್ ಮುಚ್ಚಿಡುವುದಾದರೆ ಎಂಜಿನ್ನಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಒಂದು ಎಚ್ಚರಿಕೆ: ಕಿಟ್ಟಿನಲ್ಲಿ ಮೆತ್ತನೆಯ ರಬ್ಬರಿನಂತಹ ಟೈರು ಇದ್ದರೆ ಅದು ವರ್ಷಗಳಲ್ಲಿ ಪ್ಲಾಸ್ಟಿಕ್ ರಿಮ್ಮನ್ನು ಕರಗಿಸಬಹುದು. ರಿಮ್ಮಿಗೆ ಬಣ್ಣದ ಗಟ್ಟಿ ಪದರ ಕೊಟ್ಟ ಮೇಲೆಯೇ ಟೈರು ಹಾಕಿ.

ಮಳೆಗಾಲದಲ್ಲಿ ಕೊರೆಯಿರಿ, ಬಿಸಿಲಿಗೆ ಬಣ್ಣ

ಬೇರೆ ಊರಿನವರು ಬರೆದ ಸೂಚನೆಗಳು ನಮಗೆ ಕೈಕೊಡುವುದು ಇಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಗಾಳಿಯೇ ಒದ್ದೆ. ಲ್ಯಾಕರ್ ಬಣ್ಣ ಸಿಂಪಡಿಸಿದಾಗ ಅದರ ತಿನ್ನರ್ ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ತಣ್ಣಗಾದ ಕಡೆ ಗಾಳಿಯ ನೀರು ಇಬ್ಬನಿಯಂತೆ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ನೋಡಿದರೆ ಬೂದಿ ಸವರಿದಂತೆ ಬೆಳ್ಳಗಿನ ಮಸುಕು. ಪುಷ್ಯ ಮಳೆ ಹಿಡಿದ ಒಂದು ಸಂಜೆ ಅವಸರಕ್ಕೆ ಬಿದ್ದು ನಾನು ಹೊಳಪಿನ ಕೋಟು ಹೊಡೆದೆ. ಬೆಳಗಾಗುವಷ್ಟರಲ್ಲಿ ಹಸಿರು ಜೀಪು ಮಂಜಿನಲ್ಲಿ ನಿಂತಂತಾಗಿತ್ತು. ಒಣಹವೆಯ ದಿನ ಕಾದು, ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರನ್ನು ಒಂದು ಪೊರೆಯಷ್ಟು ಸಿಂಪಡಿಸಿದಾಗ ಮುಕ್ಕಾಲು ಭಾಗ ಹೋಯಿತು. ಉಳಿದದ್ದನ್ನು 2000ದ ಪೇಪರಿನಲ್ಲಿ ಉಜ್ಜಿ ಮತ್ತೆ ಬಣ್ಣ ಕೊಡಬೇಕಾಯಿತು.

ಅದಕ್ಕೇ ವರ್ಷವನ್ನೇ ಹೀಗೆ ಹಂಚಿಕೊಂಡಿದ್ದೇನೆ. ಮಳೆಗಾಲದ ನಾಲ್ಕು ತಿಂಗಳು ಕೊರೆಯುವುದು, ಉಜ್ಜುವುದು, ಟಾರ್ಪಾಲಿನ ಹುಡ್ಡು ಕಟ್ಟುವುದು, ಮೂಟೆ ಮಾಡುವುದು. ದೀಪಾವಳಿ ಕಳೆದು ಅಂಗಳಕ್ಕೆ ಅಡಿಕೆ ಬಿದ್ದ ಮೇಲೆ ಬಣ್ಣ. ದಿನದಲ್ಲೂ ಹನ್ನೊಂದರಿಂದ ಮೂರರ ಒಳಗೆ. ತೇವ ಅಳೆಯುವ ಹೈಗ್ರೋಮೀಟರ್ ಚಿಕ್ಕದೊಂದು ಇಟ್ಟುಕೊಳ್ಳಿ, ಶೇ. 65ರ ಮೇಲಿದ್ದರೆ ಸ್ಪ್ರೇ ಮುಟ್ಟಬೇಡಿ. ಬೇಗ ಒಣಗಲೆಂದು ಬಚ್ಚಲ ಒಲೆಯ ಪಕ್ಕ, ಅಡಿಕೆ ಬೇಯಿಸುವ ಒಲೆಯ ಪಕ್ಕ ಇಟ್ಟರೆ ತೆಳು ಭಾಗಗಳು ಸೊಟ್ಟಗಾಗುತ್ತವೆ, ಆಮೇಲೆ ನೆಟ್ಟಗೆ ಮಾಡಲಾಗದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ ನಿಧಾನವಾದರೂ ಸರಿಯಾಗಿ ಒಣಗುತ್ತದೆ. ಒಣಗಿತೇ ಎಂದು ಮುಟ್ಟಿ ನೋಡಬೇಡಿ, ಮೂಸಿ ನೋಡಿ. ವಾಸನೆ ಇದ್ದರೆ ಇನ್ನೂ ಹಸಿ.

ಬಣ್ಣದ ಪದರ

ಆಟೊಮೊಬೈಲ್ ಅಂಗಡಿಯ ಎನ್.ಸಿ. ಬಣ್ಣ (ಒಂದು ಬಗೆಯ ಲ್ಯಾಕರ್) ಅಗ್ಗ, ಬೇಕಾದ ಹಸಿರನ್ನು ಕಲಸಿಯೂ ಕೊಡುತ್ತಾರೆ. ಆದರೆ ಅದರ ತಿನ್ನರ್ ಬರಿ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ನನ್ನ ಮೊದಲ ಕಿಟ್ಟಿನ ಬಾನೆಟ್ಟಿಗೆ ಪ್ರೈಮರ್ ಇಲ್ಲದೆ ಅದನ್ನು ತೋಯುವಂತೆ ಹೊಡೆದಿದ್ದೆ. ಹತ್ತು ನಿಮಿಷದಲ್ಲಿ ಬೇಸಿಗೆಯ ಕೆರೆಯಂಗಳದಂತೆ ಬಿರುಕುಬಿಟ್ಟಿತು. ಮಾದರಿಗೆಂದೇ ಬರುವ ಕಾವಿಬಣ್ಣದ ಪ್ರೈಮರನ್ನು ಒಂದು ಗೇಣು ದೂರದಿಂದ, ಮಂಜು ಬಿದ್ದಂತೆ ಮೂರು ತೆಳು ಸುತ್ತು ಕೊಡಿ. ಒಂದು ದಿನ ಬಿಟ್ಟು ಮೇಲಿನ ಬಣ್ಣ. ಅದೂ ತೆಳುವಾಗಿಯೇ. ಕಿಟಕಿ ತೆರೆದಿರಲಿ, ತಿನ್ನರ್ ಆವಿ ತಡೆಯುವ ಮಾಸ್ಕ್ ಹಾಕಿ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಹತ್ತಿರ ಒಲೆ, ದೀಪ ಯಾವುದೂ ಇರಬಾರದು.

ಈಗ ಮಡ್‌ಗಾರ್ಡಿನ ಅಂಚಿಗೆ ಬರೋಣ. ಅದನ್ನು ಚಿತ್ರ ಬರೆದಂತೆ ಕುಂಚದಲ್ಲಿ ಬರೆಯಬಹುದು, ಆದರೆ ನಿಜದ ಜೀಪು ಆದ ದಾರಿಯಲ್ಲೇ ಹೋದರೆ ಫಲ ಬೇರೆಯೇ. ಅಂಚುಗಳಿಗೆ ಮೊದಲು ಲೋಹದ ಬಣ್ಣ, ಆಮೇಲೆ ಕಾವಿ ಪ್ರೈಮರ್, ಆಮೇಲೆ ನೀಲಿ, ಕೊನೆಗೆ ಹಸಿರು. ಒಂದು ವಾರ ಗಟ್ಟಿಯಾಗಲು ಬಿಡಿ. 2000ದ ವಾಟರ್ ಪೇಪರನ್ನು ಉಗುರಗಲ ಕತ್ತರಿಸಿ, ನೀರಿನಲ್ಲಿ ಅದ್ದಿ, ಬೆರಳ ತುದಿಯಲ್ಲಿ ಅಂಚನ್ನು ಸವರಿ. ಎರಡು ಸವರಿಗೆ ನೀಲಿ ಇಣುಕುತ್ತದೆ. ಇನ್ನೆರಡಕ್ಕೆ ಕಾವಿ. ತಗಡಿನ ಹೊಳಪು ಒಂದು ಅಕ್ಕಿಕಾಳಿನಷ್ಟು ಕಂಡ ಕೂಡಲೇ ನಿಲ್ಲಿಸಿ. ಕೈ ಹಿಡಿಯುವ ಜಾಗ, ಕಾಲಿಟ್ಟು ಹತ್ತುವ ಜಾಗ, ಹಿಂಬಾಗಿಲಿನ ಮೇಲಂಚು, ಬಾನೆಟ್ ಕೊಕ್ಕೆಯ ಸುತ್ತ, ಡ್ರೈವರ್ ಮೊಣಕೈ ಊರುವ ಕಡೆ, ಇಷ್ಟೇ. ಬಾನೆಟ್ಟಿನ ನಡುವೆ ಯಾರೂ ಕೈಯಿಡುವುದಿಲ್ಲ. ಅಲ್ಲಿ ಬಿಸಿಲಿಗೆ ಬಣ್ಣ ಮಾಸಿರುತ್ತದೆ ಅಷ್ಟೆ.

ತುಕ್ಕಿಗೆ ಹಳೆಯ ಸ್ಪಂಜಿನ ಚೂರು ಹರಿದು, ಕಡುಕಂದು ಬಣ್ಣ ಅದ್ದಿ, ಕಾಗದಕ್ಕೆ ಒತ್ತಿ ಬಹುಪಾಲು ತೆಗೆದು, ಉಳಿದ ಚೂರನ್ನು ಮಾದರಿಗೆ ತಟ್ಟಿ. ಜಾಗ ಮಾವನ ಜೀಪು ಕಲಿಸಿದ್ದು: ನೀರು ನಿಲ್ಲುವ ನೆಲದ ಮೂಲೆ, ಗಾಲಿಯ ಹಿಂದಿನ ಬೆಸುಗೆ, ಮುಂಗಾಜಿನ ಕೀಲು, ಹಿಂಬಾಗಿಲಿನ ಕೆಳಮಡಿಕೆ. ಉಪ್ಪಿನ ಹರಳು ಅಂಟಿಸಿ ಮೇಲೆ ಬಣ್ಣ ಹೊಡೆದು ಉದುರಿಸುವ ಪದ್ಧತಿಯೊಂದಿದೆ. ನಮ್ಮ ತೇವಕ್ಕೆ ಉಪ್ಪು ಬೆವೆತು ಹರಳಿನ ಆಕಾರವೇ ಉಳಿಯುವುದಿಲ್ಲ, ಬಿಟ್ಟುಬಿಡಿ.

ಹುಡ್ಡು

ಮಲೆನಾಡಿನ ಜೀಪಿಗೆ ಹುಡ್ಡಿಲ್ಲದಿದ್ದರೆ ಅರ್ಧ ಜೀವ ಇಲ್ಲ. ಹಳೆಯ ವಯರಿನಿಂದ 1 ಮಿಲಿಮೀಟರಿನ ತಾಮ್ರದ ತಂತಿ ಬಿಡಿಸಿ, ಪೆನ್ನಿಗೆ ಸುತ್ತಿ ಮೂಲೆ ಬಗ್ಗಿಸಿ ಬಿಲ್ಲು ಮಾಡಿ. ಮುಖ ಒರೆಸುವ ಟಿಶ್ಯೂವಿನ ಎರಡು ಪದರ ಬೇರ್ಪಡಿಸಿ ಒಂದನ್ನೇ ಬಳಸಿ. ಒಂದು ಪಾಲು ಫೆವಿಕಾಲಿಗೆ ಎರಡು ಪಾಲು ನೀರು ಬೆರೆಸಿ, ಬಿಲ್ಲುಗಳ ಮೇಲೆ ಹರಡಿದ ಟಿಶ್ಯೂವಿಗೆ ಮೆತ್ತನೆಯ ಕುಂಚದಿಂದ ತುದಿಯಿಂದ ತುದಿಗೆ ನೆನೆಸಿ. ಬಿಲ್ಲುಗಳ ನಡುವೆ ಸ್ವಲ್ಪ ಜೋಲಲಿ, ಮಳೆನೀರು ನಿಂತು ನಿಂತು ನಿಜದ ಟಾರ್ಪಾಲೂ ಹಾಗೇ ಜೋಲುತ್ತದೆ. ಒಣಗಿದ ಮೇಲೆ ಎರಡನೆಯ ಪದರ. ಮಾಸಿದ ಖಾಕಿ ಬಣ್ಣ. ಹರಿದ ಕಡೆ ಬೇರೆ ಬಣ್ಣದ ಚೌಕ ತೇಪೆ. ಮರದಡಿ ನಿಲ್ಲುವ ಜೀಪಾದರೆ ಹೊಲಿಗೆಗಳ ಗುಂಟ ನೀರಾಗಿಸಿದ ಕಪ್ಪುಹಸಿರು ಇಳಿಸಿ ಪಾಚಿ ಕಟ್ಟಿಸಿ.

ಹಗ್ಗಕ್ಕೆ ಹತ್ತಿ ದಾರ ಒಳ್ಳೆಯದು, ಆದರೆ ಅದರ ಜುಂಗು ಈ ಅಳತೆಯಲ್ಲಿ ಮುಳ್ಳಿನಂತೆ ಕಾಣುತ್ತದೆ. ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆದರೆ ಜುಂಗು ಕೂರುತ್ತದೆ, ದಾರ ಕೊಟ್ಟ ತಿರುವಿನಲ್ಲೇ ನಿಲ್ಲುತ್ತದೆ.

ಕೆಮ್ಮಣ್ಣು

ಮಾದರಿಗೆಂದೇ ಬಣ್ಣದ ಪುಡಿ ಮಾರುತ್ತಾರೆ. ನಮ್ಮ ಹಿತ್ತಲಿನ ಧರೆಯ ಮಣ್ಣಿಗೆ ಅದು ಸಾಟಿಯಲ್ಲ. ಆದರೆ ಅಗೆದ ಮಣ್ಣನ್ನು ಹಾಗೇ ಹಾಕುವಂತಿಲ್ಲ. ಅರ್ಧ ಮಿಲಿಮೀಟರಿನ ಒಂದು ಮರಳು ಕಣ ನಮ್ಮ ಅಳತೆಯಲ್ಲಿ 12 ಮಿಲಿಮೀಟರಿನ ಜಲ್ಲಿಕಲ್ಲು.

ಹಿಡಿಯಷ್ಟು ಕೆಮ್ಮಣ್ಣನ್ನು ಒಂದು ಚೊಂಬು ನೀರಿನಲ್ಲಿ ಚೆನ್ನಾಗಿ ಕದಡಿ. ನೂರು ಎಣಿಸಿ. ಅಷ್ಟರಲ್ಲಿ ಮರಳು ಕೆಳಗೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ, ಹಳೆಯ ಮಲ್ ಪಂಚೆಯ ಬಟ್ಟೆಯಲ್ಲಿ ಸೋಸಿ, ರಾತ್ರಿ ಅಲುಗಾಡದಂತೆ ಇಡಿ. ಬೆಳಗ್ಗೆ ತಿಳಿನೀರು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಮಣ್ಣು ಉಳಿದಿರುತ್ತದೆ. ಎರಡು ದಿನ ಬಿಸಿಲಿಗೆ ಒಣಗಿಸಿ ಅರೆದಿಟ್ಟುಕೊಂಡರೆ ಹತ್ತು ಜೀಪಿಗೆ ಸಾಕು. ಬೆರಳಿಗೆ ಹಚ್ಚಿ ಉಜ್ಜಿದಾಗ ಕರಕರ ಎನ್ನಬಾರದು, ಎಂದರೆ ಮತ್ತೊಮ್ಮೆ ಕದಡಿ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಗೋಡೆಗೆ ಬಳಿಯುವುದೂ ಕೆಮ್ಮಣ್ಣನ್ನೇ. ಒಂದು ಮಣ್ಣಿನಲ್ಲಿ ಎಷ್ಟು ಕೆಂಪುಗಳಿವೆ ಎಂಬುದನ್ನು ಆ ಗೋಡೆಗಳ ಮುಂದೆ ನಿಂತು ನೋಡಬೇಕು.

ಮಣ್ಣಿಗೆ ಮುಂಚೆ ಜೀಪಿಗೆ ಪಾರದರ್ಶಕ ಕೋಟು ಕೊಟ್ಟು, ಬರ್ನ್ಟ್ ಅಂಬರ್ ಎಂಬ ಕಡುಕಂದು ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ಚಹಾದಷ್ಟು ತೆಳುಮಾಡಿ ಸಂದುಗಳಿಗೆ ಇಳಿಸಿ. ಹೆಚ್ಚಾದದ್ದನ್ನು ಒರೆಸಿ. ಟರ್ಪೆಂಟೈನ್ ಸಂದಿನಲ್ಲಿ ಮಡುಗಟ್ಟಿ ನಿಲ್ಲಬಾರದು, ಬಿಗಿಯಾಗಿ ಕೂತ ಪ್ಲಾಸ್ಟಿಕ್ಕು ಸೀಳುತ್ತದೆ.

ಅಕ್ಟೋಬರಿನ ಜೀಪಿನ ಮೇಲೆ ಎರಡು ಮಣ್ಣು ಇರುತ್ತವೆ. ನಿನ್ನೆಯದು ಒಣಗಿ ತಿಳಿ ಇಟ್ಟಿಗೆ ಬಣ್ಣ, ಇವತ್ತಿನದು ಹಸಿಯಾಗಿ ಕಡುಗೆಂಪು, ಹೊಳಪು. ಒಣಮಣ್ಣಿಗೆ ಪುಡಿಯನ್ನು ನೀರು, ಒಂದು ತೊಟ್ಟು ಫೆವಿಕಾಲ್ ಜೊತೆ ಕಲಸಿ ಗಾಲಿಯ ಗೂಡಿನೊಳಗೆ, ಚಾಸಿಗೆ, ಸ್ಪ್ರಿಂಗಿಗೆ ಕುಂಚದಿಂದ ತಟ್ಟಿ. ಬದಿಗೆ ಎರಚಲು ಕುಂಚದ ಕೂದಲನ್ನು ಕಡ್ಡಿಯಿಂದ ಮೀಟಿ, ಗಾಲಿ ಉರುಳುವ ದಿಕ್ಕಿಗೆ ಸರಿಯಾಗಿ ಹಿಂದಕ್ಕೆ, ಬೀಸಣಿಗೆ ಬಿಚ್ಚಿದಂತೆ. ಮೇಲೆ ಹೋದಷ್ಟೂ ಚುಕ್ಕೆ ಸಣ್ಣ, ವಿರಳ. ಹಸಿಮಣ್ಣಿಗೆ ಅದೇ ಪುಡಿಗೆ ಹೊಳಪಿನ ವಾರ್ನಿಷ್ ಬೆರೆಸಿ ಟೈರಿನ ಸಂದುಗಳಿಗೆ, ಗಾಲಿಯ ಹಿಂದೆ ನಾಲ್ಕೈದು ಕಡೆಗೆ ಮಾತ್ರ. ಪೆಡಲಿನ ಕೆಳಗೆ ಹವಾಯಿ ಚಪ್ಪಲಿಯ ಕೆಸರು ಮರೆಯಬೇಡಿ.

ಮುಂಗಾಜು ಕೊನೆಗೆ. ವೈಪರ್ ತಿರುಗುವ ಜಾಗದಷ್ಟು ಮಾಸ್ಕಿಂಗ್ ಟೇಪನ್ನು ಅರ್ಧಚಂದ್ರವಾಗಿ ಕತ್ತರಿಸಿ ಗಾಜಿಗೆ ಅಂಟಿಸಿ. ಮಣ್ಣಿನ ತೆಳು ನೀರನ್ನು ಗಾಜಿಗೆಲ್ಲ ಬಳಿದು, ಪೂರಾ ಒಣಗಿದ ಮೇಲೆ ಟೇಪು ನಿಧಾನವಾಗಿ ಎತ್ತಿ. ಕೆಂಪು ಧೂಳಿನ ನಡುವೆ ಶುಭ್ರವಾದ ಎರಡು ಬಿಲ್ಲು ಉಳಿಯುತ್ತವೆ, ಒಳಗೆ ಯಾರೋ ಕೂತು ಓಡಿಸಿಕೊಂಡು ಬಂದಂತೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಆ ಟೇಪು ಎತ್ತುವುದು.

ಹೊರೆ, ಬರಹ, ಚೈನು

ತುಂಬಿದ ಗೋಣಿಮೂಟೆ ಸುಮಾರು 80 ಸೆಂಟಿಮೀಟರ್ ಉದ್ದ, 45 ಅಗಲ ಎಂದಿಟ್ಟುಕೊಂಡರೆ ನಮಗೆ 33 ಮಿಲಿಮೀಟರ್ ಉದ್ದ, 19 ಅಗಲ. ಎಂ-ಸೀಲ್ ನಾದಿ ಆಕಾರ ಕೊಟ್ಟು, ಗಟ್ಟಿಯಾಗುವ ಮುಂಚೆ ಮಲ್ ಬಟ್ಟೆ ಸುತ್ತಿ ಒತ್ತಿ ತೆಗೆದರೆ ಗೋಣಿಯ ನೇಯ್ಗೆ ಬೀಳುತ್ತದೆ. ಸೊಳ್ಳೆಪರದೆ ಒತ್ತಿದರೆ ಮೀನಿನ ಬಲೆಯಂತಾಗುತ್ತದೆ, ಬೇಡ. ಮೂಟೆಗಳನ್ನು ಹಸಿಯಿದ್ದಾಗಲೇ ಒಂದರ ಮೇಲೊಂದು ಇಟ್ಟು ಒತ್ತಬೇಕು, ಭಾರಕ್ಕೆ ಕೆಳಗಿನದು ಅಪ್ಪಚ್ಚಿಯಾದಂತೆ ಕಾಣಲಿ. ಅಂಟದಿರಲು ನಡುವೆ ಸ್ವಲ್ಪ ಪೌಡರ್.

ಕೆಸರಿನಲ್ಲಿ ಗಾಲಿಗೆ ಕಟ್ಟುವ ಚೈನಿಗೆ ಶಿವಮೊಗ್ಗದ ಗಾಂಧಿ ಬಜಾರಿನ ಬಳೆ ಅಂಗಡಿಯಲ್ಲಿ ಅತಿ ಸಣ್ಣ ಕೊಂಡಿಯ ಗಿಲೀಟು ಸರ ಕೇಳಿ. ಕೊಂಡಿ 1 ಮಿಲಿಮೀಟರಿಗಿಂತ ದೊಡ್ಡದಿರಬಾರದು. ಕಟ್ಟಿ ಮೇಲೆ ತುಕ್ಕಿನ ಬಣ್ಣ. ಇಲ್ಲವೇ ಸೀಟಿನ ಹಿಂದೆ ಗುಪ್ಪೆ ಹಾಕಿಡಿ, ಮಳೆ ಹಿಂದೆ ಸರಿದ ಕಾಲಕ್ಕೆ ಅದೇ ಹೊಂದುತ್ತದೆ.

ಹಿಂದಿನ ಬರಹವನ್ನು ಮುದ್ರಿಸಿದಂತೆ ನೀಟಾಗಿ ಮಾಡಬೇಡಿ, ಅದು ಪೇಂಟರ್ ಕೈಬರಹ. ನೀರಿನ ಡೆಕಾಲ್ ಹಾಳೆಯ ಮೇಲೆ ಉದ್ದ ಕೂದಲಿನ ಸಣ್ಣ ಕುಂಚದಲ್ಲಿ ಹತ್ತು ಸಲ ಬರೆದು, ಚೆನ್ನಾಗಿ ಬಂದದ್ದಕ್ಕೆ ವಾರ್ನಿಷ್ ಕೊಟ್ಟು, ಮಣ್ಣು ಹಚ್ಚುವ ಮೊದಲೇ ಅಂಟಿಸಿ. ನಂಬರ್ ಪ್ಲೇಟಿಗೆ ಕೆಎ-14 ಶಿವಮೊಗ್ಗ, ಕೆಎ-15 ಸಾಗರ. ಕೆಎ ಬರುವ ಮುಂಚಿನ ಕಾಲದ ಜೀಪು ಮಾಡುತ್ತಿದ್ದರೆ ಮನೆಯ ಹಳೆಯ ಫೋಟೊ ಹುಡುಕಿ, ಅದರಲ್ಲಿದ್ದಂತೆ ಬರೆಯಿರಿ. ಆಗ ಖಾಸಗಿ ಬಂಡಿಗಳಿಗೆ ಕಪ್ಪು ಹಲಗೆ, ಬಿಳಿ ಅಕ್ಷರ.

ಮುಗಿದ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ, ಕಿಟಕಿಯ ಬಿಸಿಲು ನೇರ ಬೀಳದ ಕಡೆ ಇಡಿ. ಮೂಲೆಗೆ ಬಣ್ಣ ಬದಲಾಗುವ ಬಗೆಯ ಸಿಲಿಕಾ ಜೆಲ್. ಅದರ ಹರಳು ಬಣ್ಣ ಬದಲಾದಾಗ ತೆಗೆದು ಬಿಸಿಮಾಡಿ ಮತ್ತೆ ಇಡಬೇಕು, ಆಷಾಢದಲ್ಲಿ ವಾರಕ್ಕೊಮ್ಮೆ. ಟಿಶ್ಯೂವಿನ ಹುಡ್ಡಿಗೂ ಹತ್ತಿ ದಾರಕ್ಕೂ ಬೂಷ್ಟು ಬರುವುದುಂಟು. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಮುಚ್ಚಳ ತೆಗೆದು ಒಂದು ಗಂಟೆ ಗಾಳಿಗಿಟ್ಟು, ಒಣ ಕುಂಚದಲ್ಲಿ ಹುಡ್ಡಿನ ಮಡಿಕೆಗಳನ್ನೊಮ್ಮೆ ಸವರಿ ಒಳಗಿಡಿ.